ಅಂಟಕ್ಕನ ಹಾಳೆ

ಕಾಲೇಜಿನ ಸಸ್ಯಶಾಸ್ತ್ರ ವಿಭಾಗದಲ್ಲಿ ಮೆಟ್ಟಿಲು ಹತ್ತಿ ಎಡಕ್ಕೆ ತಿರುಗಿದರೆ ಕೊನೆಯ ಕೋಣೆ. ಬಾಗಿಲು ತೆಗೆದರೆ ಮೊದಲು ಮೂಗಿಗೆ ಹೊಡೆಯುವುದು ಡಾಂಬರು ಗುಳಿಗೆಯ ವಾಸನೆ. ಒಳಗೆ ಗೋಡೆಯುದ್ದಕ್ಕೂ ಕಬ್ಬಿಣದ ಕಪಾಟುಗಳು, ಕಪಾಟಿನ ತುಂಬ ದಪ್ಪನೆಯ ಬಿಳಿ ಹಾಳೆಗಳು, ಹಾಳೆಗೊಂದು ಒಣಗಿದ ಗಿಡ. ಬೇರು, ಕಾಂಡ, ಎಲೆ, ಹೂವು ಎಲ್ಲವನ್ನೂ ಚಪ್ಪಟೆಯಾಗಿ ಅಂಟಿಸಿ, ಬಲಗಡೆ ಕೆಳಮೂಲೆಯಲ್ಲಿ ಒಂದು ಚೀಟಿ ಹಚ್ಚಿರುತ್ತಾರೆ. ಗಿಡದ ಹೆಸರು, ಅದು ಬೆಳೆದಿದ್ದ ಜಾಗ, ತಾರೀಖು, ತಂದವರ ಹೆಸರು. ಅಂಥವು ನಲವತ್ತು ಸಾವಿರ ಇದ್ದವು ಅಲ್ಲಿ. ಅರ್ಧಕ್ಕಿಂತ ಹೆಚ್ಚನ್ನು ಅಂಟಿಸಿದವಳು ಒಬ್ಬಳೇ ಹೆಂಗಸು. ಅವಳಿಗೆ ಹುಡುಗರೂ ಮೇಷ್ಟ್ರುಗಳೂ ಸೇರಿ ಇಟ್ಟ ಹೆಸರು ಅಂಟಕ್ಕ. ಹೆತ್ತವರು ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿತ್ತು, ಇನ್ನೆಲ್ಲೂ ಇರಲಿಲ್ಲ.

ಅಂಟಿಸುವುದೇನು ಮಹಾ ಕೆಲಸ ಅನ್ನುವವರು ಒಂದು ಸಲ ಮಾಡಿ ನೋಡಬೇಕು. ಗಿಡ ಬಂದ ದಿನವೇ ಹಳೆ ಪೇಪರಿನ ಮಡಿಕೆಯೊಳಗೆ ಎಲೆ ಎಲೆಯನ್ನೂ ಬಿಡಿಸಿ ಹರಡಬೇಕು. ಎರಡು ಹಲಗೆಗಳ ನಡುವೆ ಇಟ್ಟು ಬೆಲ್ಟು ಬಿಗಿಯಬೇಕು. ದಿನಕ್ಕೊಂದು ಸಲ ತಪ್ಪದೆ ಪೇಪರು ಬದಲಿಸಬೇಕು, ತಪ್ಪಿದರೆ ಬೂಷ್ಟು. ಒಣಗಿದ ಮೇಲೆ ಉಸಿರು ಬಿಟ್ಟರೆ ಹಾರಿಹೋಗುವಂಥ ದಳಗಳನ್ನು ಚಿಮುಟದಲ್ಲಿ ಎತ್ತಿ ಗೋಂದಿನ ಮೇಲೆ ಇಳಿಸಬೇಕು. ಅಂಟಕ್ಕನ ಕೈಯಲ್ಲಿ ಒಂದು ದಳವೂ ಮುರಿಯುತ್ತಿರಲಿಲ್ಲ. "ಅಂಟಕ್ಕನ ಕೈಗೆ ಸಿಕ್ಕರೆ ಸತ್ತ ಗಿಡಕ್ಕೂ ಸುಖ" ಅನ್ನುತ್ತಿದ್ದರು ಗಿಡದ ಮೇಷ್ಟ್ರು. ಅದು ಹೊಗಳಿಕೆ. ಆದರೆ ಅದರಲ್ಲೇ ಅವಳ ಕೊರತೆಯೂ ಇತ್ತು. ಇಪ್ಪತ್ತು ವರ್ಷ ಗಿಡಗಳ ಮಧ್ಯೆ ಬದುಕಿದವಳು ಅವನ್ನೆಲ್ಲ ನೋಡಿದ್ದು ಕಿತ್ತು ಬಂದ ಮೇಲೆಯೇ. ನೆಲದಲ್ಲಿ ನಿಂತ ಗಿಡ ಹೇಗೆ ಹುಟ್ಟುತ್ತದೆ, ಹೇಗೆ ಸಾಯುತ್ತದೆ, ಅದು ಅವಳ ಕೋಣೆಗೆ ಬಂದಿರಲಿಲ್ಲ.

ಆ ಕೋಣೆಗೆ ಒಂದು ಕಟ್ಟುನಿಟ್ಟಿನ ರೀತಿ ಇತ್ತು. ಹಾಳೆಯ ಮೇಲೆ ಒಮ್ಮೆ ಬರೆದದ್ದನ್ನು ಯಾರೂ ಅಳಿಸುವಂತಿಲ್ಲ, ಗೀಚುವಂತಿಲ್ಲ, ಹರಿಯುವಂತಿಲ್ಲ. ಹಳಬರು ತಪ್ಪು ಬರೆದಿದ್ದಾರೆ ಎಂದು ಗೊತ್ತಾದರೆ ಹೊಸಬರು ಅದರ ಪಕ್ಕದಲ್ಲಿ ಒಂದು ಸಣ್ಣ ಚೀಟಿ ಬರೆದು, ಕೆಳಗೆ ತಮ್ಮ ಹೆಸರು ತಾರೀಖು ಹಾಕಿ ಅಂಟಿಸಬೇಕು. ತಪ್ಪೂ ಇರುತ್ತದೆ, ತಿದ್ದಿದ್ದೂ ಇರುತ್ತದೆ. ಎಷ್ಟೋ ದೊಡ್ಡ ವಿದ್ವಾಂಸರ ತಪ್ಪಿನ ಪಕ್ಕ ಅಂಟಕ್ಕನೇ ಚೀಟಿ ಹಚ್ಚಿದ್ದಳು. ಹಚ್ಚಿದ ಚೀಟಿ ಯಾವುದರಲ್ಲೂ ಅವಳ ಹೆಸರಿರಲಿಲ್ಲ, ಇರುವ ಕಾರಣವೂ ಇರಲಿಲ್ಲ.

ಅವಳ ಗಂಡ ರೈಲ್ವೆಯಲ್ಲಿ ಕೀಮ್ಯಾನ್. ದಿನಾ ಬೆಳಿಗ್ಗೆ ಸುತ್ತಿಗೆ, ಸ್ಪ್ಯಾನರು, ಕೆಂಪು ಬಾವುಟ ಹಿಡಿದು ತನ್ನ ಪಾಲಿನ ಹಳಿಯನ್ನು ನಡೆದು ನೋಡುವುದು, ಸಡಿಲವಾದದ್ದನ್ನು ಬಿಗಿಮಾಡುವುದು ಅವನ ಕೆಲಸ. ಎಣಿಸುವ ಚಾಳಿಯ ಮನುಷ್ಯ. ಮೆಟ್ಟಿಲು ಹತ್ತಿದರೆ ಎಣಿಸುತ್ತಿದ್ದ, ತಟ್ಟೆಗೆ ಬಿದ್ದ ರೊಟ್ಟಿ ಎಣಿಸುತ್ತಿದ್ದ. "ನಾನು ಹಳಿ ಎಣಿಸ್ತೀನಿ, ಇವಳು ಹಾಳೆ ಎಣಿಸ್ತಾಳೆ, ಮನೇಲಿ ಎಣಿಸೋಕೆ ಮಾತ್ರ ಮಕ್ಕಳಿಲ್ಲ" ಎಂದು ತಾನೇ ತಮಾಷೆ ಮಾಡುತ್ತಿದ್ದ. ನಗುತ್ತಿದ್ದವನು ಅವನೊಬ್ಬನೇ.

ಮಕ್ಕಳಿಲ್ಲದ ಮನೆಗೆ ಮಗನ ಹಾಗೆ ಇದ್ದವನು ಅಂಟಕ್ಕನ ತಮ್ಮ. ಅವನೂ ಅದೇ ಹಳಿಯ ಮೇಲೆ ದುಡಿಯುತ್ತಿದ್ದ. ಬೆನ್ನಿಗೆ ಔಷಧಿಯ ಡಬ್ಬಿ ಕಟ್ಟಿಕೊಂಡು ಪಂಪು ಹೊಡೆಯುತ್ತ ಹಳಿಬದಿಯ ಕಳೆ ಸುಡುವುದು ಅವನ ಕೆಲಸ, ಹಾಗಾಗಿ ಎಲ್ಲರಿಗೂ ಅವನು ಪಂಪು. ಓದುಬರಹ ಇರಲಿಲ್ಲ, ಬಾಯಿ ಮಾತ್ರ ಜೋರು. ಕೀಮ್ಯಾನ್‌ಗೂ ಅವನಿಗೂ ಒಂದೇ ಬುತ್ತಿ. "ನನ್ನ ಕಟ್ಟಿಕೊಂಡ್ರೋ ನನ್ನ ತಮ್ಮನ್ನೋ" ಎಂದು ಅಂಟಕ್ಕ ರೇಗಿಸಿದರೆ, "ಅವನ ಜೊತೆಗೆ ನೀನೂ ಬಂದೆ, ಏನ್ಮಾಡೋದು" ಅನ್ನುತ್ತಿದ್ದ ಗಂಡ.

ಒಂದು ವರ್ಷ ಮಳೆ ನಿಂತು ಹದಿನೈದು ದಿನವಾಗಿತ್ತು. ಕೀಮ್ಯಾನ್ ಕೆಲಸದಿಂದ ಬಂದವನೇ ಅಂಗಿ ಜೇಬಿನಿಂದ ಒಂದು ಬೀಡಿ ಕಟ್ಟಿನ ಕಾಗದ ತೆಗೆದು ಬಿಡಿಸಿದ. ಒಳಗೆ ಬೆರಳುದ್ದದ ಒಂದು ಕಡ್ಡಿ, ತುದಿಯಲ್ಲಿ ತಿಳಿನೇರಳೆ ಹೂವು. ಐದು ದಳ, ಗಂಟಲಲ್ಲಿ ಎರಡು ಹಳದಿ ಚುಕ್ಕೆ.

"ಇದು ಎಲ್ಲಾ ಕಡೆ ಬರುತ್ತೆ ರೀ, ನಮ್ಮಲ್ಲಿ ಇಪ್ಪತ್ತು ಹಾಳೆ ಇದೆ" ಎಂದಳು ಅಂಟಕ್ಕ.

"ಅದಲ್ಲ ಕಣೇ. ಅದನ್ನ ನಾನೂ ನೋಡಿದೀನಿ, ಅದು ದಿನವಿಡೀ ಮುಖ ಎತ್ತಿಕೊಂಡಿರುತ್ತೆ. ಇದು ಹತ್ತು ಗಂಟೆ ಪ್ಯಾಸೆಂಜರ್ ಹೋಗೋ ಹೊತ್ತಿಗೆ ಕತ್ತು ಬಗ್ಗಿಸುತ್ತೆ. ಎಲೆ ತಿರುಗಿಸಿ ನೋಡು, ಅಡಿಯಲ್ಲಿ ರೋಮ. ಮೂರು ವರ್ಷದಿಂದ ನೋಡ್ತಿದೀನಿ. ಕಲ್ಲು ತೆಗೆದ ಹಳ್ಳದ ಪಕ್ಕ, ಜಲ್ಲಿ ಇಳಿಜಾರಲ್ಲಿ, ಬಿಳಿ ಮೈಲಿಗಲ್ಲಿನಿಂದ ಇಪ್ಪತ್ತು ಹೆಜ್ಜೆ. ಬೇರೆಲ್ಲೂ ಇಲ್ಲ."

ಮರುದಿನ ಅವಳು ಅದನ್ನು ಮೇಷ್ಟ್ರಿಗೆ ತೋರಿಸಿದಳು. ಮೇಷ್ಟ್ರು ಭೂತಗನ್ನಡಿ ಹಿಡಿದು ಎಷ್ಟು ಹೊತ್ತು ಕೂತರೆಂದರೆ ಅವರ ಚಹಾದ ಮೇಲೆ ಕೆನೆ ಕಟ್ಟಿತು. ಹಳೆಯ ಪುಸ್ತಕಗಳನ್ನೆಲ್ಲ ಇಳಿಸಿದರು. ಇದು ಇದೇ ನೆಲದ ಗಿಡ, ಬೇರೆ ದೇಶದಿಂದ ಬಂದದ್ದಲ್ಲ. ಅರವತ್ತು ವರ್ಷದಿಂದ ಯಾರ ಕಣ್ಣಿಗೂ ಬಿದ್ದಿಲ್ಲ. ಅದೇ ಆಗಿದ್ದರೆ.

"ಆಗಿದ್ರೆ ಅಂದ್ರೆ ಸಾರ್?"

"ಹೂವು ನೋಡಿ ನೂರಕ್ಕೆ ತೊಂಬತ್ತು ಹೇಳಬಹುದು ಅಂಟಕ್ಕ. ಕಾಯಿ ನೋಡಬೇಕು. ಸಾಮಾನ್ಯದ್ದಕ್ಕೆ ಗುಂಡುಕಾಯಿ, ಇದಕ್ಕೆ ನಾಲ್ಕು ಮೂಲೆ ಇರಬೇಕು. ಕಾಯಿ ಸಿಗೋವರೆಗೂ ಹೆಸರಿನ ಮುಂದೆ ಪ್ರಶ್ನೆ ಚಿಹ್ನೆ." ಆಮೇಲೆ ನಕ್ಕು ಹೇಳಿದರು, "ತಂದವರು ಅನ್ನೋ ಜಾಗದಲ್ಲಿ ನಿಮ್ಮ ಯಜಮಾನರ ಹೆಸರು ಬರುತ್ತೆ."

ಅಂಟಕ್ಕನ ಎದೆ ಉಬ್ಬಿತು. ಅಷ್ಟು ವರ್ಷ ಊರವರ ಹೆಸರನ್ನೆಲ್ಲ ಅಂಟಿಸಿದವಳಿಗೆ ತನ್ನ ಮನೆಯ ಹೆಸರೊಂದು ಆ ಕಪಾಟಿಗೆ ಹೋಗುತ್ತದೆ ಅನ್ನುವುದು ಸಣ್ಣ ಮಾತಲ್ಲ. ಅದನ್ನು ತಪ್ಪು ಅನ್ನುವ ಹಾಗೂ ಇಲ್ಲ.

ಆ ಶುಕ್ರವಾರ ಮೇಷ್ಟ್ರು, ಕೀಮ್ಯಾನ್, ಅಂಟಕ್ಕ ಮೂವರೂ ಹಳಿಗುಂಟ ನಡೆದು ಹೋದರು. ಬರೀ ಜಲ್ಲಿ, ಬೇರೆ ಹುಲ್ಲುಕಡ್ಡಿ ಇಲ್ಲ. ಅದರ ಮಧ್ಯೆ ಚದುರಿದ ಹಾಗೆ ನೇರಳೆ ಚುಕ್ಕೆಗಳು. ಕೀಮ್ಯಾನ್ ಬೆರಳು ಮಾಡಿ ಎಣಿಸಿದ. ಇಪ್ಪತ್ತಮೂರು.

ಮೇಷ್ಟ್ರು ನಮ್ಮದೂ ಸೇರಿ ಐದು ಊರಿನ ಇಂಥ ಕೋಣೆಗಳಲ್ಲಿ ಇಡಬೇಕು, ಹನ್ನೆರಡು ಬೇಕು ಅಂದರು. ಕೀಮ್ಯಾನ್ ಮುಖ ಸಪ್ಪಗಾಯಿತು. "ಉಳಿದ ಹನ್ನೊಂದು ಮುಟ್ಟಬಾರದು ಸಾರ್" ಎಂದ. "ಖಂಡಿತ ಮುಟ್ಟಲ್ಲಪ್ಪ. ಮೂರು ವಾರ ಬಿಟ್ಟು ಬಂದು ಎರಡು ಕಾಯಿ ಮಾತ್ರ ತಗೋತೀನಿ, ಮಿಕ್ಕಿದ್ದು ಅದರ ಪಾಡಿಗೆ ಅದು ಉದುರಲಿ" ಅಂದರು ಮೇಷ್ಟ್ರು. ಪುಸ್ತಕದಲ್ಲಿ ಬರೆದುಕೊಂಡರು: ತೆಗೆದದ್ದು ಹನ್ನೆರಡು, ಜಾಗದಲ್ಲಿ ಉಳಿದದ್ದು ಹನ್ನೊಂದು. ಅದೇ ಸಾಯಂಕಾಲ ಕೀಮ್ಯಾನ್ ಪಂಪುವನ್ನು ಕರೆದು, ಬಿಳಿ ಕಲ್ಲಿನ ಹತ್ತಿರ ಔಷಧಿ ಹೊಡೆಯಬೇಡ ಎಂದು ಹೇಳಿದ. ಹೇಳಿದ್ದು ಒಂದು ಸಲವಲ್ಲ, ನಾಲ್ಕು ಸಲ. "ಆಯ್ತು ಭಾವ, ಗಿಡಕ್ಕೆ ಬೇಕಾದ್ರೆ ಕೊಡೆ ಹಿಡೀತೀನಿ" ಎಂದ ಪಂಪು.

ಅಂಟಕ್ಕ ಹನ್ನೆರಡು ಗಿಡವನ್ನೂ ಹಲಗೆಯ ಮಧ್ಯೆ ಇಟ್ಟು ಬೆಲ್ಟು ಬಿಗಿದು ಬಂದಳು. ಶನಿವಾರದಿಂದ ಸೋಮವಾರದವರೆಗೆ ರಜೆ. ಒಳ್ಳೆಯ ಗಿಡ ಬಂದಿದ್ದರೆ ಅವಳು ಭಾನುವಾರವೂ ಬೀಗ ತೆಗೆಸಿಕೊಂಡು ಹೋಗಿ ಪೇಪರು ಬದಲಿಸಿ ಬರುವವಳು. ಆ ಸಲ ಹೋಗಲಿಲ್ಲ. ನಾದಿನಿಯ ಊರಿಗೆ ಹೋದಳು. ಯಾಕೆ ಅಂದರೆ, ನಿಜ ಹೇಳಬೇಕು, ಜಂಬ ಕೊಚ್ಚಿಕೊಳ್ಳುವುದಕ್ಕೆ. ನಿಮ್ಮಣ್ಣನ ಹೆಸರು ಐದು ಊರಿನ ಕಪಾಟಿಗೆ ಹೋಗುತ್ತೆ ಎಂದು ನಾದಿನಿಗೆ ಹೇಳಿ, ನಾದಿನಿಯ ಅತ್ತೆಗೆ ಹೇಳಿ, ಪಕ್ಕದ ಮನೆಯವರಿಗೂ ಹೇಳಿ, ಮಂಗಳವಾರ ಬಂದು ಬೆಲ್ಟು ಬಿಚ್ಚಿದಳು. ಹನ್ನೆರಡೂ ಕಪ್ಪಗಾಗಿದ್ದವು. ಮೇಲೆ ಹತ್ತಿಯ ಹಾಗೆ ಬೂಷ್ಟು.

ಅವಳ ಕೈ ಅಷ್ಟು ವರ್ಷದಲ್ಲಿ ಮಾಡದ ತಪ್ಪು ಅದು. ಮೇಷ್ಟ್ರು ಪಾಠದಲ್ಲಿದ್ದರು. ಕೀಮ್ಯಾನ್‌ನನ್ನು ಬೇರೆ ತುಂಡಿನ ಹಳಿಗೆ ಮೂರು ವಾರಕ್ಕೆ ಹಾಕಿದ್ದರು, ಅವನು ಆ ಕಡೆ ಬರುವಂತಿರಲಿಲ್ಲ. ಅಂಟಕ್ಕ ಬೂಷ್ಟು ಹಿಡಿದದ್ದನ್ನು ಪೇಪರಿನಲ್ಲಿ ಸುತ್ತಿ ಕಸದ ಡಬ್ಬಿಯ ತಳಕ್ಕೆ ತುರುಕಿದಳು. ತಲೆನೋವು ಎಂದು ಅರ್ಧ ದಿನ ರಜೆ ಹಾಕಿದಳು. ಚೀಲ ಹಿಡಿದು ಹಳಿಗುಂಟ ಒಬ್ಬಳೇ ನಡೆದಳು.

ಅವಳ ಮನಸ್ಸಿನಲ್ಲಿ ಏನಿತ್ತು ಎಂದು ಕೇಳಿದರೆ, ಕೆಟ್ಟದ್ದೇನೂ ಇರಲಿಲ್ಲ. ಎರಡೋ ಮೂರೋ ತಂದರೆ ಸಾಕು ಎಂದೇ ಬಗ್ಗಿದಳು. ಎರಡು ಕಿತ್ತಳು. ಐದು ಊರಿಗೆ ಎರಡು ಸಾಲುವುದಿಲ್ಲವಲ್ಲ. ಇನ್ನೆರಡು ಕಿತ್ತಳು. ಮೇಷ್ಟ್ರು ಹನ್ನೆರಡು ಎಂದು ಬರೆದುಕೊಂಡಿದ್ದಾರೆ, ಕಡಿಮೆಯಾದರೆ ಕೇಳುತ್ತಾರೆ. ಹೇಗೂ ಮೂರು ವರ್ಷದಿಂದ ಬರುತ್ತಿದೆ, ಹುಲ್ಲಿಗೆ ಏನು, ಕಿತ್ತಷ್ಟೂ ಬರುತ್ತದೆ. ಅವಳ ಕಪಾಟಿನಲ್ಲಿ ಒಂದೇ ಬೆಟ್ಟದಿಂದ ಅಜ್ಜನ ಕಾಲದಲ್ಲಿ ತಂದ ಗಿಡವೂ ಇತ್ತು, ಮೊನ್ನೆ ತಂದದ್ದೂ ಇತ್ತು. ಜಾಗ ಇದ್ದರೆ ಗಿಡ ಇರುತ್ತದೆ ಎಂದೇ ಅವಳ ಲೆಕ್ಕ. ತಲೆ ಎತ್ತಿ ನೋಡಿದಾಗ ಜಲ್ಲಿಯ ಮೇಲೆ ನೇರಳೆ ಬಣ್ಣವೇ ಇರಲಿಲ್ಲ.

ಹನ್ನೊಂದನ್ನೂ ಚೆನ್ನಾಗಿ ಒಣಗಿಸಿದಳು. ದಿನಕ್ಕೆ ಎರಡೆರಡು ಸಲ ಪೇಪರು ಬದಲಿಸಿದಳು. ತಮ್ಮ ಕೋಣೆಯ ಹಾಳೆಗೆ ಮೂರು, ಮಿಕ್ಕ ನಾಲ್ಕು ಊರಿಗೆ ಎರಡೆರಡು. ಒಂದು ಹಾಳಾಯಿತು ಸಾರ್ ಎಂದಳು, ಮೇಷ್ಟ್ರು ಪರವಾಗಿಲ್ಲ ಎಂದರು. ಅವಳು ಅಂಟಿಸಿದ ಹಾಳೆಗಳಲ್ಲೆಲ್ಲ ಅದಕ್ಕಿಂತ ಚಂದದ್ದು ಇನ್ನೊಂದಿಲ್ಲ. ಕತ್ತು ಬಗ್ಗಿಸಿದ ಹೂವನ್ನು ಬಗ್ಗಿದ ಹಾಗೆಯೇ ಕೂರಿಸಿದ್ದಳು.

ಮೂರು ವಾರದ ಮೇಲೆ ಮೇಷ್ಟ್ರೂ ಕೀಮ್ಯಾನ್‌ನೂ ಕಾಯಿ ತರಲು ಹೋದರು. ಅಲ್ಲಿ ಜಲ್ಲಿ ಬಿಟ್ಟರೆ ಏನೂ ಇಲ್ಲ. ಪಂಪು ಹೋದ ವಾರವಷ್ಟೇ ಆ ತುಂಡಿಗೆ ಔಷಧಿ ಹೊಡೆದು ಮುಗಿಸಿದ್ದ. ಬಿಳಿ ಕಲ್ಲಿನ ಈಚೆಗೂ ಆಚೆಗೂ ಹುಲ್ಲು ಸುಟ್ಟು ಕಂದಾಗಿತ್ತು. ಆಮೇಲೆ ಎರಡು ಮಳೆಯೂ ಬಿದ್ದಿತ್ತು. ಬರೀ ಜಲ್ಲಿಯಿದ್ದ ಕಡೆ ಔಷಧಿ ಬಿದ್ದಿತ್ತೋ ಇಲ್ಲವೋ ತಿಳಿಯುವಂತಿರಲಿಲ್ಲ, ಸತ್ತ ಗಿಡ ಮಳೆಗೆ ಕೊಚ್ಚಿಹೋಗಿರಬೇಕು ಎಂದುಕೊಂಡರು.

ಆ ಸಾಯಂಕಾಲ ಪಂಪು ಎಂದಿನಂತೆ ಅಕ್ಕನ ಮನೆಗೆ ಬಂದ. ಚಪ್ಪಲಿ ಬಿಡುವ ಮೊದಲೇ ಕೀಮ್ಯಾನ್ ಎದ್ದು ನಿಂತಿದ್ದ.

"ಹೊಡೆದುಬಿಟ್ಟೆಯಲ್ಲೋ."

"ಏನು ಭಾವ?"

"ಹನ್ನೊಂದು ಗಿಡ. ನಾಲ್ಕು ಸಲ ಹೇಳಿದ್ದೆ."

"ಅಯ್ಯೋ ಇಲ್ಲ ಭಾವ! ಕಲ್ಲಿನ ಹತ್ರ ಬಂದಾಗ ಪಂಪು ನಿಲ್ಲಿಸಿ ನಲವತ್ತು ಹೆಜ್ಜೆ ಸುಮ್ನೆ ನಡ್ದೆ. ನಮ್ಮಕ್ಕನ ಆಣೆ."

"ಗಿಡ ನೋಡಿದೆಯಾ ಅಲ್ಲಿ?"

ಪಂಪು ತಡವರಿಸಿದ. "ಬಿಸಿಲಿತ್ತು ಭಾವ. ತಲೆ ಬಗ್ಗಿಸ್ಕೊಂಡು ನಡೆದೆ. ಗಿಡ ನೋಡಲಿಲ್ಲ."

"ಸುಳ್ಳು ಬೇರೆ" ಎಂದ ಕೀಮ್ಯಾನ್. ಮೂವತ್ತು ವರ್ಷದಲ್ಲಿ ಅವನು ದನಿ ಎತ್ತಿದ್ದನ್ನು ಆ ಬೀದಿ ಕೇಳಿರಲಿಲ್ಲ, ಅವತ್ತು ಕೇಳಿತು. "ಇನ್ನು ಈ ಮೆಟ್ಟಿಲು ಹತ್ತಬೇಡ. ನಾನು ಸತ್ತಾಗಲೂ ಬರಬೇಡ."

ಅಂಟಕ್ಕ ಅಡುಗೆಮನೆಯ ಬಾಗಿಲಲ್ಲಿ ಚಹಾದ ಲೋಟ ಹಿಡಿದು ನಿಂತಿದ್ದಳು. ತಮ್ಮ ಅವಳ ಕಡೆ ನೋಡಿದ. ಅಕ್ಕ ಏನಾದರೂ ಅಂದಾಳು ಎಂದು ಕಾದ. ಅವಳ ಬಾಯಿಂದ ಒಂದು ಮಾತು ಹೊರಡಲಿಲ್ಲ. ಅವನು ಚಪ್ಪಲಿಯನ್ನು ಸರಿಯಾಗಿ ಮೆಟ್ಟಿಕೊಳ್ಳದೆಯೇ ಇಳಿದು ಹೋದ.

ಅವಳ ಮೇಲೆ ಕೋಪ ಬರುತ್ತದೆ, ಬರಬೇಕಾದದ್ದೇ. ಮೇಷ್ಟ್ರಿಗೆ ಗೊತ್ತಾದರೆ ಕೆಲಸದ ಮರ್ಯಾದೆ ಹೋಗುತ್ತದೆ, ಗಂಡನಿಗೆ ಗೊತ್ತಾದರೆ ಗಂಡನೇ ಹೋಗುತ್ತಾನೆ, ಹೀಗೆಲ್ಲ ಹೆದರಿದಳು. ಅದಕ್ಕಿಂತ ಹೆಚ್ಚಾಗಿ ಒಂದು ಆಸೆ ಅವಳ ಬಾಯಿ ಕಟ್ಟಿತು. ಮುಂದಿನ ವರ್ಷ ಹೂವು ಬಂದೇ ಬರುತ್ತದೆ, ಆಗ ಇಬ್ಬರೂ ತಾವೇ ಸರಿಹೋಗುತ್ತಾರೆ, ಹೇಳುವ ಅಗತ್ಯವೇ ಬೀಳುವುದಿಲ್ಲ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

ಮುಂದಿನ ವರ್ಷ ಮಳೆ ನಿಂತ ಹದಿನೈದನೇ ದಿನ ಕೀಮ್ಯಾನ್ ನೋಡಿ ಬಂದ. ಇಲ್ಲ. ಇಪ್ಪತ್ತನೇ ದಿನವೂ ಇಲ್ಲ. ಅಂಟಕ್ಕ ಹಾಳೆಗೆ ಗೋಂದು ಸವರುತ್ತ, ಏನೂ ಗೊತ್ತಿಲ್ಲದವಳ ಹಾಗೆ ಮೇಷ್ಟ್ರನ್ನು ಕೇಳಿದಳು. "ಬೇರು ಇದ್ರೆ ಬಂದೇ ಬರಬೇಕಲ್ವಾ ಸಾರ್?"

"ಇದು ಒಂದೇ ಹಂಗಾಮಿನ ಗಿಡ ಅಂಟಕ್ಕ. ಮೊಳೆಯುತ್ತೆ, ಹೂ ಬಿಡುತ್ತೆ, ಬೀಜ ಉದುರಿಸಿ ಸಾಯುತ್ತೆ. ಬೇರು ಉಳಿಯಲ್ಲ. ಬೀಜ ಬಿದ್ದರೆ ಮುಂದಿನ ವರ್ಷ ಉಂಟು, ಬೀಳದಿದ್ದರೆ ಅಲ್ಲಿಗೆ ಮುಗೀತು. ಕಾಯಿ ಕಟ್ಟೋ ಮುಂಚೆ ಔಷಧಿ ಬಿತ್ತಲ್ಲ. ಹಳೇ ಬೀಜ ಒಂದೆರಡು ಮಣ್ಣಲ್ಲಿ ಮಲಗಿದ್ದರೆ ಯಾವತ್ತಾದ್ರೂ ಏಳಬಹುದು. ನೋಡೋಣ."

ಅವಳ ಕೈಯ ಬ್ರಶ್ಶು ನಿಂತಿತು. ಆ ದಿನ ಮೊದಲ ಸಲ ಅವಳು ಒಂದು ದಳ ಮುರಿದಳು.

ಮಾತಿಗೂ ಒಂದು ಹೊತ್ತು ಅಂತ ಇರುತ್ತದೆ. ಮೊದಲ ದಿನ ಹೇಳಿದ್ದರೆ ಅದು ಬರೀ ತಪ್ಪು ಅನ್ನಿಸಿಕೊಳ್ಳುತ್ತಿತ್ತು. ಒಂದು ವರ್ಷ ಬಿಟ್ಟು ಹೇಳಿದರೆ ಮೋಸ. ಅದು ಬಿಸಿ ತುಪ್ಪವಾಯಿತು, ನುಂಗುವಂತಿಲ್ಲ, ಉಗುಳುವಂತಿಲ್ಲ. ಕೀಮ್ಯಾನ್ ಮಾತ್ರ "ಯಾವತ್ತಾದ್ರೂ ಏಳಬಹುದು" ಅನ್ನುವ ಮಾತನ್ನು ಹಿಡಿದುಕೊಂಡ. ಪ್ರತಿ ವರ್ಷ ಮಳೆ ನಿಂತ ದಿನದಿಂದ ಬೆರಳು ಮಡಿಸುತ್ತಿದ್ದ. ನೌಕರಿ ಮುಗಿದ ಮೇಲೂ ಕೋಲು ಊರಿಕೊಂಡು ಹೋಗಿ ನೋಡಿ ಬರುತ್ತಿದ್ದ. ಆ ಪ್ರಶ್ನೆ ಚಿಹ್ನೆ ಅಳಿಸಬೇಕು ಅನ್ನುವುದೊಂದೇ ಅವನಿಗೆ. ಹಾಳೆಯ ಮೇಲೆ ಏನನ್ನೂ ಅಳಿಸುವುದಿಲ್ಲ, ಪಕ್ಕದಲ್ಲಿ ಚೀಟಿ ಹಚ್ಚುತ್ತಾರೆ ಎಂದು ಅಂಟಕ್ಕ ಹೇಳಿದ್ದಳು. "ಹಂಗಾದ್ರೆ ಚೀಟಿ ನೀನೇ ಹಚ್ಚು" ಅನ್ನುತ್ತಿದ್ದ.

ತಮ್ಮ ಹದಿನಾಲ್ಕು ವರ್ಷ ಆ ಮೆಟ್ಟಿಲು ಹತ್ತಲಿಲ್ಲ. ಅಂಟಕ್ಕ ಆಗಾಗ ಅವನ ಮನೆಗೆ ಹೋಗುತ್ತಿದ್ದಳು. ಹೋದರೆ ಕೂತು, ಮಳೆ ಬಿಸಿಲಿನ ಮಾತಾಡಿ, ಎದ್ದು ಬರುವುದು. ಜೋರು ಬಾಯಿಯ ಪಂಪು ಮೆತ್ತಗಾಗಿದ್ದ. ಅವನು ಬಿಳಿ ಕಲ್ಲಿನ ಆಚೀಚೆ ನಲವತ್ತು ನಲವತ್ತು ಹೆಜ್ಜೆ ಔಷಧಿಯನ್ನೇ ಹೊಡೆಯುವುದಿಲ್ಲವಂತೆ, ಮೇಲಿನವರು ಬಂದು ಕಳೆ ನೋಡಿ ಬೈದು ಬಡ್ತಿ ತಪ್ಪಿಸಿದರಂತೆ, ಆದರೂ ಹೊಡೆಯುವುದಿಲ್ಲವಂತೆ ಎಂದು ಅವನ ಹೆಂಡತಿ ಒಮ್ಮೆ ದೂರಿದಳು. ಅಂಟಕ್ಕ ಕೇಳಿಸಿಕೊಂಡು ಮನೆಗೆ ಬಂದಳು. ಅವತ್ತು ಅವಳಿಗೆ ಊಟ ಸೇರಲಿಲ್ಲ, ಅಷ್ಟೇ ಅವಳು ಮಾಡಿದ್ದು.

ಹದಿನಾಲ್ಕನೇ ವರ್ಷ ಕೀಮ್ಯಾನ್ ಮಲಗಿಬಿಟ್ಟ. ಜೀವಮಾನವೆಲ್ಲ ಕುಡಿದ ಹಳಿಯ ಧೂಳು ಎದೆಯಲ್ಲಿ ಕೂತಿತ್ತು. ಮಳೆ ನಿಂತು ಎಷ್ಟು ದಿನವಾಯಿತೆಂದು ಮಲಗಿದಲ್ಲೇ ಎಣಿಸುತ್ತಿದ್ದ.

"ಹದಿನೇಳು. ಹೋಗಿ ನೋಡಿ ಬಾರೇ."

ಅಂಟಕ್ಕ ಹೋಗಿ ನೋಡಿ ಬಂದಳು. ಜಲ್ಲಿ, ಅದರ ಮೇಲೆ ಬೇರೆ ಕಳೆ. "ಇಲ್ಲ ರೀ" ಎಂದಳು.

ಅವನು ಕಣ್ಣು ಮುಚ್ಚಿದ. ಮುಚ್ಚಿದ ಕಣ್ಣಿನ ಮೂಲೆಯಿಂದ ನೀರು ಕಿವಿಯ ಕಡೆಗೆ ಇಳಿಯಿತು. ಅವಳಿಗೆ ತಡೆಯಲಾಗಲಿಲ್ಲ. ಮಂಚದ ಪಕ್ಕ ಕೆಳಗೆ ಕೂತಳು, ಅವನ ಕೈ ಹಿಡಿದಳು.

"ಇಲ್ಲಿ ಕೇಳಿ. ಆ ಗಿಡದ ವಿಷಯ. ನನ್ನ ತಮ್ಮ..."

"ಅವನ ಸುದ್ದಿ ಎತ್ತಬೇಡ" ಎಂದ ಅವನು, ಕಣ್ಣು ತೆರೆಯದೆ. "ಬೈಯೋಕೂ ಉಸಿರಿಲ್ಲ ನನಗೆ. ಒಂದು ಬುತ್ತೀಲಿ ತಿಂದವನು, ಅದಕ್ಕೇ ಇಷ್ಟು ಉರಿಯುತ್ತೆ."

ಬಾಯಿವರೆಗೆ ಬಂದಿತ್ತು. ಇನ್ನೊಂದೇ ಮಾತು, 'ಅವನಲ್ಲ, ನಾನು'. ಆದರೆ ಸುದ್ದಿ ಎತ್ತಬೇಡ ಅಂದರಲ್ಲ, ಈಗ ಯಾಕೆ ನೋಯಿಸುವುದು, ನಾಳೆ ಸ್ವಲ್ಪ ಚೇತರಿಸಿಕೊಳ್ಳಲಿ ಎಂದುಕೊಂಡಳು. ಹೆದರುವವರಿಗೆ ಅಷ್ಟು ನೆಪ ಸಾಕು. ಮೂರನೇ ದಿನ ಬೆಳಿಗ್ಗೆ, ಹತ್ತು ಗಂಟೆಯ ಪ್ಯಾಸೆಂಜರ್ ಕೂಗಿದ ಹೊತ್ತಿಗೆ, ಅವಳು ನೀರಿನ ಲೋಟ ತಂದಾಗ ಅವನು ಇರಲಿಲ್ಲ.

ಜನ ಸೇರಿದರು. ಪಂಪು ಬಂದವನು ಗೇಟಿನಿಂದ ಒಳಗೆ ಕಾಲಿಡಲಿಲ್ಲ. ಬಾ ಒಳಗೆ ಎಂದು ಯಾರೋ ಕೈ ಹಿಡಿದು ಎಳೆದರು. "ಬೇಡ, ಭಾವ ಬರಬೇಡ ಅಂದಿದ್ರು" ಎಂದು ಕೈ ಬಿಡಿಸಿಕೊಂಡ. ಎದುರು ಮನೆಯ ಗೋಡೆಗೆ ಒರಗಿ ಕೊನೆಯವರೆಗೂ ನಿಂತಿದ್ದ. ಅಂಟಕ್ಕ ಕಿಟಕಿಯಿಂದ ನೋಡಿದಳು. ಗಂಡ ಸತ್ತ ದುಃಖಕ್ಕೆ ಅತ್ತಳೋ, ಅವನನ್ನು ನೋಡಿ ಅತ್ತಳೋ ಅವಳಿಗೇ ತಿಳಿಯದು.

ಒಂದು ತಿಂಗಳು ಬಿಟ್ಟು ಅವಳು ತಮ್ಮನ ಮನೆಗೆ ಹೋದಳು. ಅವನು ಜಗುಲಿಯ ಮೇಲೆ ಕೂತು ಹಳೆಯ ಕೊಡೆಯ ಕಡ್ಡಿ ಕಟ್ಟುತ್ತಿದ್ದ. ಅವಳು ಕೂರಲಿಲ್ಲ, ನಿಂತುಕೊಂಡೇ ಎಲ್ಲ ಹೇಳಿದಳು. ಬೂಷ್ಟು, ಕಸದ ಡಬ್ಬಿ, ಚೀಲ, ಹನ್ನೊಂದು. ಒಂದೂ ಬಿಡಲಿಲ್ಲ.

ಪಂಪು ಕೊಡೆಯನ್ನು ಕೆಳಗಿಟ್ಟ.

"ಅವತ್ತು ಗಾಳಿ ಇತ್ತಕ್ಕ" ಎಂದ. "ಪಂಪು ನಿಲ್ಲಿಸಿದ್ದೆ, ನಿಜ. ಆದ್ರೆ ಗಾಳಿ ಇತ್ತು. ಗಾಳೀಲಿ ಹಾರಿ ಬಿದ್ದಿರಬೇಕು ಅಂತ ನಾನೂ ನಂಬಿಬಿಟ್ಟಿದ್ದೆ. ಹದಿನಾಲ್ಕು ವರ್ಷ ಆ ಗಾಳಿ ಯಾವ ಕಡೆಯಿಂದ ಬೀಸ್ತಿತ್ತು ಅಂತ ಯೋಚನೆ ಮಾಡಿದೀನಿ."

ಅವನು ಕೊಡೆಯನ್ನು ಮತ್ತೆ ಎತ್ತಿಕೊಂಡು ಮಡಿಸಿದ.

"ಭಾವ ನಾನೇ ಅಂದ್ಕೊಂಡೇ ಹೋದ್ರಾ?"

"ಹೂಂ."

ಅವನು ಎದ್ದು ಒಳಗೆ ಹೋದ. ಬೈದಿದ್ದರೆ ಆಗುತ್ತಿತ್ತು, ಹೊಡೆದಿದ್ದರೂ ಆಗುತ್ತಿತ್ತು. ಸ್ವಲ್ಪ ಹೊತ್ತಿಗೆ ಅವನ ಹೆಂಡತಿ ಬಂದು, "ಇವತ್ತು ಹೋಗಿ ಅತ್ತಿಗೆ" ಎಂದಳು. ಅಂಟಕ್ಕ ಬಂದ ದಾರಿಯಲ್ಲೇ ಹಿಂದಿರುಗಿದಳು.

ಅವಳ ನಿವೃತ್ತಿಗೆ ಎಂಟು ದಿನವಿತ್ತು. ಗಿಡದ ಮೇಷ್ಟ್ರು ಯಾವತ್ತೋ ನಿವೃತ್ತರಾಗಿ, ಆಮೇಲೆ ತೀರಿಯೂ ಹೋಗಿದ್ದರು. ಅವರ ಜಾಗಕ್ಕೆ ಬಂದ ಹೊಸ ಮೇಡಂ ಹತ್ತಿರ ಅಂಟಕ್ಕ ಹೋಗಿ, ಒಂದು ಹಾಳೆಗೆ ತಿದ್ದುಪಡಿ ಚೀಟಿ ಹಚ್ಚಬೇಕು ಎಂದಳು. ಯಾರು ಬರೆದದ್ದು ಎಂದು ಮೇಡಂ ಕೇಳಿದರು. ನಾನು ಎಂದಳು ಅಂಟಕ್ಕ. ಮೇಡಂ ಎಲ್ಲ ಕೇಳಿಸಿಕೊಂಡರು. ಕನ್ನಡಕ ತೆಗೆದು ಒರೆಸಿಕೊಂಡರು. "ಹಚ್ಚಿ. ನಿಯಮ ಎಲ್ಲರಿಗೂ ಒಂದೇ" ಎಂದರು. ಅಂಟಕ್ಕ ತಮ್ಮನಿಗೆ ಹೇಳಿಕಳಿಸಿದಳು, ಗುರುವಾರ ಮಧ್ಯಾಹ್ನ ಬಾ ಎಂದು. ಬರುತ್ತಾನೆಂಬ ನಂಬಿಕೆ ಅವಳಿಗಿರಲಿಲ್ಲ.

ಬಂದ. ಒಗೆದ ಅಂಗಿ ತೊಟ್ಟು ಬಂದಿದ್ದ. ಆ ಕೋಣೆಗೆ ಅವನು ಕಾಲಿಟ್ಟದ್ದು ಅದೇ ಮೊದಲು. ಡಾಂಬರು ಗುಳಿಗೆಯ ವಾಸನೆಗೆ ಒಂದು ಸಲ ಸೀನಿದ. ಅಂಟಕ್ಕ ಕಪಾಟು ತೆಗೆದು ಹಾಳೆಯನ್ನು ಎರಡು ಕೈಯಲ್ಲೂ ಹಿಡಿದು ತಂದು ಮೇಜಿನ ಮೇಲೆ ಇಟ್ಟಳು. ಮೂರು ಗಿಡ, ಬಣ್ಣ ಮಾಸಿ ಕಂದಾದ ಹೂವು, ಕತ್ತು ಮಾತ್ರ ಬಗ್ಗಿದ ಹಾಗೆಯೇ ಇತ್ತು.

"ಇಷ್ಟೇನಾ?" ಎಂದ ಪಂಪು. ಅವನು ಆ ಹೂವನ್ನು ಒಂದು ದಿನವೂ ನೋಡಿದವನಲ್ಲ.

"ಇಷ್ಟೇ."

"ಓದು, ಏನು ಬರೆದಿದೆ."

ಅವಳು ಬೆರಳಿಟ್ಟು ಓದಿದಳು. ಹೆಸರು, ಹೆಸರಿನ ಮುಂದೆ ಪ್ರಶ್ನೆ ಚಿಹ್ನೆ. ಜಾಗ, ಬಿಳಿ ಮೈಲಿಗಲ್ಲಿನಿಂದ ಇಪ್ಪತ್ತು ಹೆಜ್ಜೆ. ಜಾಗದಲ್ಲಿ ಉಳಿದದ್ದು, ಹನ್ನೊಂದು. ತಂದವರು, ಕೀಮ್ಯಾನ್, ಅವನ ಪೂರ್ತಿ ಹೆಸರು. ಭಾವನ ಹೆಸರು ಕೇಳಿದಾಗ ಪಂಪು ಮೇಜಿನ ಅಂಚು ಹಿಡಿದುಕೊಂಡ. ಅದರ ಕೆಳಗೆ ಇನ್ನೊಂದು ಸಣ್ಣ ಸಾಲಿತ್ತು, ಮೇಷ್ಟ್ರ ಕೈಬರಹ. ಅದನ್ನು ಓದುವಾಗ ಅವಳ ದನಿ ಇಳಿಯಿತು. "ಉಳಿದ ಗಿಡಗಳು ಕಾಯಿ ಕಟ್ಟುವ ಮೊದಲು ಕಳೆ ಔಷಧಿಯಿಂದ ಸತ್ತವು."

"ನಾನೂ ಇದೀನಿ ಇಲ್ಲಿ ಹಂಗಾದ್ರೆ" ಎಂದ ಪಂಪು.

ಅಂಟಕ್ಕ ಬರೆದಿಟ್ಟುಕೊಂಡಿದ್ದ ಚೀಟಿ ತೆಗೆದು ಅದನ್ನೂ ಓದಿ ಹೇಳಿದಳು. ಉಳಿದ ಹನ್ನೊಂದು ಗಿಡಗಳು ಔಷಧಿಯಿಂದ ಸತ್ತದ್ದಲ್ಲ. ಮೊದಲ ಹನ್ನೆರಡು ನನ್ನ ಅಜಾಗ್ರತೆಯಿಂದ ಬೂಷ್ಟು ಹಿಡಿದವು. ನಾಲ್ಕು ದಿನದ ಮೇಲೆ ಹನ್ನೊಂದನ್ನೂ ನಾನೇ ಕಿತ್ತೆ. ಈ ಹಾಳೆಯಲ್ಲಿರುವವು ಅವೇ. ಔಷಧಿ ಹೊಡೆಯುವವನು ಆ ಜಾಗ ಬಿಟ್ಟು ಹೊಡೆದಿದ್ದ. ಆಮೇಲೆ ಹದಿನಾಲ್ಕು ವರ್ಷ ನೋಡಿದ್ದೇವೆ, ಅಲ್ಲಿ ಗಿಡ ಬಂದಿಲ್ಲ.

"ನನ್ನ ಹೆಸರು ಹಾಕಿಲ್ವಲ್ಲ" ಎಂದ ಅವನು. "ಔಷಧಿ ಹೊಡೆಯುವವನು ಅಂದ್ರೆ ಯಾರಂತ ಗೊತ್ತಾಗುತ್ತೆ? ಹಾಕು."

ಅವಳು 'ಹೊಡೆಯುವವನು' ಎಂಬುದರ ಮೇಲೆ ಅವನ ಹೆಸರನ್ನು ಸಣ್ಣದಾಗಿ ಸೇರಿಸಿದಳು, ಪಂಪು ಎಂದಲ್ಲ, ಅಪ್ಪ ಅಮ್ಮ ಇಟ್ಟ ಹೆಸರು. ಕೆಳಗೆ ತಾರೀಖು ಹಾಕಿ ತನ್ನ ಹೆಸರು ಬರೆದಳು, ಅಂಟಕ್ಕ ಎಂದಲ್ಲ. ಆ ಹೆಸರು ಬರೆದು ಅವಳಿಗೆ ಅಭ್ಯಾಸ ತಪ್ಪಿತ್ತು, ಅಕ್ಷರ ಸೊಟ್ಟಗಾಯಿತು. ನಲವತ್ತು ಸಾವಿರ ಹಾಳೆಗಳಲ್ಲಿ ಅವಳ ಹೆಸರಿರುವುದು ಅದೊಂದರಲ್ಲೇ.

ಚೀಟಿಯ ಬೆನ್ನಿಗೆ ಗೋಂದು ಸವರಿ, ಗಂಡನ ಹೆಸರಿನ ಪಕ್ಕದಲ್ಲಿ, ಮೂಲೆಗೆ ಮೂಲೆ ಕೂಡಿಸಿ ಇಳಿಸಿದಳು. ಮೇಲೆ ಬಟ್ಟೆ ಇಟ್ಟು ಅಂಗೈಯಿಂದ ಒತ್ತಿದಳು. ಒತ್ತಿದ ಕೈಯನ್ನು ತೆಗೆಯಲಿಲ್ಲ, ಅಲ್ಲೇ ತಲೆ ತಗ್ಗಿಸಿ ಅತ್ತಳು. ಪಂಪು ಅವಳ ಕೈಯ ಕೆಳಗಿನಿಂದ ಹಾಳೆಯನ್ನು ಮೆಲ್ಲಗೆ ಆಚೆ ಸರಿಸಿದ, ಕಣ್ಣೀರು ಬೀಳದ ಹಾಗೆ.

"ಒಣಗೋಕೆ ಎಷ್ಟು ಹೊತ್ತು ಬೇಕು?" ಎಂದ.

"ಅರ್ಧ ಗಂಟೆ."

ಅವನು ಗೋಡೆ ಪಕ್ಕದ ಸ್ಟೂಲನ್ನು ಎಳೆದುಕೊಂಡು ಅವಳ ಎದುರಿಗೆ ಕೂತ.